ಭೇಟಿಯ ರವಿವಾರದ ಗೇಟು

ಹಲಗೇರಿ ಹತ್ತಿರದ ಆ ವಸತಿ ಶಾಲೆಯಲ್ಲಿ ಮೊಬೈಲನ್ನೇ ಮತಯಂತ್ರ ಮಾಡಿ ಚುನಾವಣೆ ನಡೆಸಿದಾಗ ಅಯಾಜ್ ಗೆದ್ದದ್ದು ಚನ್ನೇಶನ ಬಾಯಿಯಿಂದ. ಅಯಾಜ್‌ಗೆ ನಾಲ್ಕು ಜನರೆದುರು ಮಾತೇ ಹೊರಡುತ್ತಿರಲಿಲ್ಲ. ಚನ್ನೇಶನೇ ಕೋಣೆ ಕೋಣೆ ತಿರುಗಿ, ಸಣ್ಣ ಹುಡುಗರ ಗಲ್ಲ ಹಿಡಿದು ಓಟು ಕೇಳಿ, ಗೆಳೆಯನನ್ನು ಶಾಲೆಯ ಪ್ರಧಾನಿ ಮಾಡಿದ. ಎದೆಗೆ ಬಿಲ್ಲೆ ಬಿದ್ದದ್ದೇ ತಡ, ಅಯಾಜ್‌ನ ನಡಿಗೆಯೇ ಬದಲಾಯಿತು. ಹತ್ತನೆಯ ಇಯತ್ತೆಯ ಹುಡುಗನಿಗೆ ಬಿಲ್ಲೆ ಕೊಟ್ಟರೆ ಇನ್ನೇನಾದೀತು!

ಪಾಲಕರ ಭೇಟಿಯ ರವಿವಾರ ಗೇಟಿನ ಕೀಲಿ ಪ್ರಧಾನಿಯ ಕೈಯಲ್ಲಿ. ಗಂಟೆ ಬಾರಿಸಿ ಗೇಟು ಹಾಕಿದ ಮೇಲೆ ಯಾರೂ ಒಳಗೆ ಬರುವಂತಿಲ್ಲ. ಅಯಾಜ್‌ನ ತಾಯಿ ಮುಮ್ತಾಜಬಿ ಹಾವೇರಿಯಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳು. ರವಿವಾರ ಅವಳಿಗೆ ಬಿಡುವಿಲ್ಲ. ಅವನ ಪಾಲಿಗೂ ಬರುತ್ತಿದ್ದವನು ಚನ್ನೇಶನ ಅಪ್ಪ ಮೈಲಾರಪ್ಪ, ಬ್ಯಾಡಗಿ ಪೇಟೆಯ ಹಮಾಲ. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ, "ಲೇ ಅಯಾಜ್, ಸರಕೊಂಡು ಕುಂದರೋ" ಎನ್ನುತ್ತಿದ್ದ. ಅವನ ಅಂಗಿಯ ಮೆಣಸಿನಕಾಯಿ ಘಾಟಿಗೆ ಮೂವರೂ ಸೀನುವುದು, ನಗುವುದು.

ಪ್ರಧಾನಿಯಾದ ಮೇಲಿನ ಮೊದಲ ಭೇಟಿಯ ದಿನ ಚುನಾವಣೆಯಲ್ಲಿ ಸೋತವರು ಬೆಳಗ್ಗೆಯೇ ಚುಚ್ಚಿದ್ದರು: "ಚನ್ನ್ಯಾನ ಅಪ್ಪಗ ಗಂಟಿ ಬ್ಯಾರೇನ ಇರ್ತೈತಿ, ನೋಡ್ತಿರ್ರಿ." ಮೈಲಾರಪ್ಪ ಓಡುತ್ತ ಬಂದಾಗ ಗೇಟಿಗೆ ಆಗತಾನೇ ಕೀಲಿ ಬಿದ್ದಿತ್ತು.

"ನಾಳೆ ಪ್ಯಾಟಿ ಐತೋ ತಮ್ಮಾ, ಲಾರಿ ಇಳಸೂದ ಮುಗೀಲಿಲ್ಲ. ತಗೀ ಲಗೂ."

"ಗಂಟಿ ಆತ್ರಿ ಕಾಕಾ. ರೂಲ್ಸ್ ಐತ್ರಿ."

"ಬುತ್ತಿ ಆದ್ರೂ ಇಸ್ಕೋಪಾ" ಎಂದ ಕಾವಲುಗಾರ ಹೊಳಿಯಪ್ಪ.

ಸೋತವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅಯಾಜ್ ಆಗದು ಎಂದು ತಲೆಯಾಡಿಸಿದ. ಚನ್ನೇಶ ಬೇವಿನ ಗಿಡದ ಹತ್ತಿರವೇ ನಿಂತಿದ್ದ. ಮೈಲಾರಪ್ಪ ಹಿಡಿದಿದ್ದ ಗೇಟಿನ ಸರಳು ಬಿಟ್ಟು, "ಆತು ಬಿಡಪಾ" ಎಂದು ಬುತ್ತಿ ಹೆಗಲಿಗೇರಿಸಿ ಹೊರಟುಹೋದ.

ಮರುದಿನ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರರು ಪ್ರಧಾನಿಯನ್ನು ಹೊಗಳಿದರು. ಚಪ್ಪಾಳೆ ಬಿತ್ತು. ಚನ್ನೇಶನೂ ತಟ್ಟಿದ. ಅದನ್ನು ನೋಡಿ ಅಯಾಜ್‌ಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಚನ್ನೇಶ ಮಾತು ಬಿಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಅಷ್ಟೇ.

ಮುಂದಿನ ಭೇಟಿಗೆ ಮೈಲಾರಪ್ಪ ಎಲ್ಲರಿಗಿಂತ ಮೊದಲೇ ಬಂದ. ಗೇಟು ಪೂರ್ತಿ ತೆರೆದಿತ್ತು. ಆದರೂ ಹೊರಗೇ ನಿಂತು, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದ.

"ಒಳಗ ಬರಬಹುದೇನ್ರಿ?"

ಚೇಷ್ಟೆಯೇ ಎಂದು ಅಯಾಜ್ ಮುಖ ನೋಡಿದ. ಅಲ್ಲ. ಮೈಲಾರಪ್ಪ ಪೇಟೆಯ ದಲಾಲರ ಮುಂದೆ ನಿಲ್ಲುವ ಹಾಗೆ ನಿಂತಿದ್ದ.

"ಕಾಕಾ, ನನಗ್ಯಾಕ ರೀ ಅಂತೀರಿ? ಅವತ್ತ ನಂದ ತಪ್ಪಾತ್ರಿ."

"ತಪ್ಪೇನೈತ್ರಿ ಅದರಾಗ? ನೀವು ನಿಮ್ಮ ಕೆಲಸಾ ಮಾಡಿದ್ರಿ."

ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡಿತು. ಅಯಾಜ್ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು ಹತ್ತಿರ ಹೋದ. ಮೈಲಾರಪ್ಪ ರೊಟ್ಟಿಯ ಮೇಲೆ ಪಲ್ಯ ಹಾಕಿ, ಎದ್ದು ನಿಂತು, ಎರಡೂ ಕೈಯಿಂದ ಕೊಟ್ಟ.

"ತಗೋರಿ. ಉಣ್ರಿ."

ಅಯಾಜ್ ನಿಂತೇ ತುತ್ತು ಮುರಿದ. ಘಾಟಿಗೆ ಮೂವರೂ ಸೀನಿದರು, ಯಾರೂ ನಗಲಿಲ್ಲ. ಸರಕೊಂಡು ಕುಂದರೋ ಎನ್ನುವ ಒಂದು ಮಾತಿಗಾಗಿ ಅವನು ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ತಿಂದ. ರೊಟ್ಟಿ ಮುಗಿಯಿತು. ಮೈಲಾರಪ್ಪ ಕೈ ತೊಳೆಯಲು ನಡೆದ.