ಗೋಡೆಯ ಪುಟ್ಟಿ, ಕಾರಿನ ಮೈ

ನಮ್ಮ ಮಾವನಿಗೆ ಕಣ್ಣಿಗೆ ಬಿದ್ದದ್ದೆಲ್ಲ ಗೋಡೆಯೇ. ಬದುಕಿಡೀ ಮನೆಗಳಿಗೆ ಬಣ್ಣ ಹೊಡೆದ ಮನುಷ್ಯ. ಯಾರ ಮನೆಗೆ ಹೋದರೂ ಮೊದಲು ಗೋಡೆ ಸವರಿ ನೋಡಿ, ಆಮೇಲೆ ಮನೆಯವರನ್ನು ಮಾತಾಡಿಸುತ್ತಾರೆ. ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಮಗ, ಹೆಂಡತಿ, ಡಾಕ್ಟರು ಮೂವರೂ ಸೇರಿ ಅವರ ಕೈಯಿಂದ ಬ್ರಷ್ ಕಿತ್ತುಕೊಂಡರು. ಅಂದಿನಿಂದ ಅವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಎದುರು ಮನೆಯ ಗೋಡೆಯಲ್ಲಿ ತಪ್ಪು ಹುಡುಕುತ್ತ ದಿನ ನೂಕುತ್ತಿದ್ದರು. ಕೆಲಸವಿಲ್ಲದ ಗಂಡನನ್ನು ದಿನವಿಡೀ ಮನೆಯಲ್ಲಿ ಇಟ್ಟುಕೊಳ್ಳುವ ಕಷ್ಟ ಏನೆಂದು ನಮ್ಮ ಅತ್ತೆಯನ್ನೇ ಕೇಳಬೇಕು.

ಹಾಗಾಗಿ ನನ್ನ ಹಳೆಯ ಕಾರಿನ ಬಾಗಿಲ ಅಂಚಿನಲ್ಲಿ ತುಕ್ಕು ಗುಳ್ಳೆ ಎದ್ದದ್ದನ್ನು ನೋಡಿ ಮಾವ, "ಬಿಡಮ್ಮಾ, ಇದನ್ನ ನಾನು ನೋಡ್ಕೋತೀನಿ" ಎಂದು ಕುರ್ಚಿಯಿಂದ ಎದ್ದಾಗ ಅತ್ತೆಯೂ ನಾನೂ ಮುಖ ಮುಖ ನೋಡಿ ನಕ್ಕೆವು. ನನ್ನ ಗಂಡನನ್ನು ಕೇಳುವಂತಿರಲಿಲ್ಲ. ಅವನು ರೈಲು ಓಡಿಸುವವನು. ಎಚ್ಚರವಿದ್ದರೆ ಮನೆಯಲ್ಲಿರುವುದಿಲ್ಲ, ಮನೆಯಲ್ಲಿದ್ದರೆ ಎಚ್ಚರವಿರುವುದಿಲ್ಲ.

ಮಾವ ಹಳೆಯ ಪೆಟ್ಟಿಗೆಯಿಂದ ಸ್ಕ್ರೇಪರ್, ಸ್ಯಾಂಡ್ ಪೇಪರ್, ಉಳಿದಿದ್ದ ಪುಟ್ಟಿ ಎಲ್ಲ ಹೊರಗೆ ತೆಗೆದರು. ಗುಳ್ಳೆ ಎದ್ದಲ್ಲೆಲ್ಲ ಪುಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ, ಬಣ್ಣ ಕಲಸಿ ಹಚ್ಚಿದರು. ಕಾರಿನ ನೀಲಿಗೂ ಅವರು ಕಲಸಿದ ನೀಲಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಕಾರು ಮದುಮಗಳ ಹಾಗೆ ಹೊಳೆಯಿತು. ನೆರೆಯವರು ನಿಂತು ನೋಡಿ ಹೊಗಳಿದರು. ಮಾವನ ಸೊಂಟ ತಾನಾಗಿ ನೆಟ್ಟಗಾಯಿತು. ಆಮೇಲೆ ವಾರಕ್ಕೊಮ್ಮೆ ಕಾರಿನ ಸುತ್ತ ಬಂದು, ಇನ್ನೆಲ್ಲಾದರೂ ತುಕ್ಕು ಸಿಕ್ಕೀತೇ ಎಂದು ಆಸೆಯಿಂದ ಹುಡುಕುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಕಾರು ಮಾತಾಡತೊಡಗಿತು. ತಿರುವಿನಲ್ಲಿ ತಿರುಗಿಸಿದರೆ ಎಲ್ಲೋ ಗುಳುಗುಳು ಶಬ್ದ. ನಾನು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್. ನೀರಿನ ಬಾಟಲಿ ಸೀಟಿನ ಕೆಳಗೆ ಉರುಳಿರಬೇಕೆಂದು ಹುಡುಕಿದೆ. ಬಾಟಲಿ ಚೀಲದಲ್ಲೇ ಇತ್ತು. ಅಷ್ಟರಲ್ಲಿ ಕಾರಿನ ಸರ್ಕಾರಿ ತಪಾಸಣೆಯ ದಿನವೂ ಹತ್ತಿರ ಬಂತು. ತಪಾಸಣೆಯಲ್ಲಿ ಪಾಸಾಗದ ಕಾರು ರಸ್ತೆಗಿಳಿಯುವಂತಿಲ್ಲ. ಹೊಸದು ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಜೋಕಾಗಿ ಮಾತ್ರ ಬರುತ್ತದೆ. ಕಾರಿಲ್ಲದ ನರ್ಸನ್ನು ಆಸ್ಪತ್ರೆಯವರು ಒಳಗೆ ಕೂರಿಸಿ ಫೈಲು ಕೊಡುತ್ತಾರೆ. ಗುಡ್ಡದ ಮೇಲಿನ ಅಜ್ಜ, ಮೊದಲ ಮಗುವಿಗೆ ಹಾಲುಣಿಸಲು ಹೆದರುವ ಬಾಣಂತಿ, ನನಗಾಗಿ ಬಾಗಿಲಲ್ಲಿ ಕಾಯುವ ಇಂಥವರನ್ನು ಬಿಟ್ಟು ಫೈಲಿನ ಮುಖ ನೋಡುತ್ತ ಕೂರುವುದೆಂದರೆ ನನಗೆ ಜೀವ ಹೋದ ಹಾಗೆ. ಯಾವುದಕ್ಕೂ ಇರಲಿ ಎಂದು ಕಾರನ್ನು ಮೊದಲು ಟಿಂಕರ್ ಅಂಗಡಿಗೆ ಒಯ್ದೆ.

ಟಿಂಕರ್ ಅಂದರೆ ಕಾರಿನ ತಗಡು ಬಡಿದು ಸರಿಮಾಡುವವನು. ದಪ್ಪ ಮೀಸೆ, ಸಣ್ಣ ಧ್ವನಿ. ಬಾಗಿಲನ್ನು ತಟ್ಟಿದ, ಕಿವಿಯಿಟ್ಟ, ಹುಬ್ಬು ಗಂಟಿಕ್ಕಿದ. ಕೆಳಗೆ ಮಂಡಿಯೂರಿ ಬಾಗಿಲ ತಳಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ. ಒಂದು ಬಕೆಟ್‌ನಷ್ಟು ಕಂದು ನೀರು ಅವನ ತೊಡೆಯ ಮೇಲೆ ಸುರಿಯಿತು.

"ಸಿಸ್ಟರ್, ಇದು ಕಾರಾ, ನೀರಿನ ಟ್ಯಾಂಕಾ?" ಎಂದ.

ವಿಷಯ ಇಷ್ಟೇ. ಕಾರಿನ ಬಾಗಿಲ ತಳದಲ್ಲಿ ಕಂಪನಿಯವರೇ ಸಣ್ಣ ತೂತು ಬಿಟ್ಟಿರುತ್ತಾರೆ, ಗಾಜಿನ ಸಂದಿಯಲ್ಲಿ ಇಳಿದ ಮಳೆನೀರು ಹೊರಗೆ ಹೋಗಲೆಂದು. ಗೋಡೆಯ ಮನುಷ್ಯನಿಗೆ ತೂತು ಕಂಡರೆ ತೇವ ಒಳಗೆ ಬರುವ ದಾರಿ. ಮಾವ ಒಂದೂ ಬಿಡದೆ ಎಲ್ಲ ತೂತಿಗೂ ಪುಟ್ಟಿ ತುಂಬಿ ನುಣುಪು ಮಾಡಿದ್ದರು. ಮೇಲಾಗಿ ಗೋಡೆಯ ಪುಟ್ಟಿ ನೀರು ಹೀರುತ್ತದೆ. ತುಕ್ಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿದಂತಾಗಿತ್ತು. ಮೇಲೆ ಥಳಕು, ಒಳಗೆ ಹುಳುಕು.

"ಕೆಲಸ ಏನೋ ಅಚ್ಚುಕಟ್ಟು. ಇಷ್ಟು ನೀಟಾಗಿ ಕಾರನ್ನ ಕೆಡಿಸಿದ್ದು ನಾನು ಎಲ್ಲೂ ನೋಡಿಲ್ಲ," ಎಂದ ಟಿಂಕರ್. "ಪುಟ್ಟಿ ಎಲ್ಲಾ ಕಿತ್ತರೆ ಗೊತ್ತಾಗುತ್ತೆ. ಒಳಗಿನ ತೊಲೆ, ಅಂದ್ರೆ ಕಾರಿನ ಮೈ ಹೊರೋ ಉಕ್ಕು, ಗಟ್ಟಿ ಇದ್ರೆ ಹೊಸ ತಗಡು ಬೆಸೀತೀನಿ. ಅದೂ ಹೋಗಿದ್ರೆ ಗುಜರಿ. ಆದ್ರೆ ಕೆರೆಯೋಕೆ ನನ್ ಹತ್ರ ಜನ ಇಲ್ಲ. ನೀವೇ ಕೆರೆದುಕೊಡಿ, ತಪಾಸಣೆ ಒಳಗೆ ಮುಗಿಸೋಣ."

ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದನಮ್ಮಾ ಟಿಂಕರ್? ನನ್ ಕೆಲಸ ನೋಡಿ ಏನಂದ?"

ಬಾಯಿ ಬಿಟ್ಟರೆ ಬಣ್ಣಗೇಡು. "ಅಚ್ಚುಕಟ್ಟು ಅಂದ ಮಾವ," ಎಂದೆ. ಅದು ಸುಳ್ಳೂ ಅಲ್ಲವಲ್ಲ. ಅವರ ಮುಖ ಅರಳಿತು. ಅಡುಗೆಮನೆಯಲ್ಲಿ ಅತ್ತೆ ನನ್ನ ಮುಖ ನೋಡಿ, "ಏನೋ ನುಂಗಿಕೊಂಡಿದ್ದೀಯ," ಎಂದರು. ಹೇಳಿದೆ. ಅತ್ತೆ ನೆಲ ಮುಟ್ಟುವ ಹಾಗೆ ಬಗ್ಗಿ ನಕ್ಕು, ಆಮೇಲೆ ಕಣ್ಣೊರೆಸಿಕೊಂಡು, "ಅವರಿಗೆ ಹೇಳಬೇಡ ಕಣೇ, ಮತ್ತೆ ಆ ಕುರ್ಚಿ ಹಿಡೀತಾರೆ," ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡೆವು ಇಬ್ಬರೂ.

ಮರುದಿನ ಕೆಲಸ ಮುಗಿಸಿ ನೇರ ಟಿಂಕರ್ ಅಂಗಡಿಗೆ ಹೋಗಿ ಕೆರೆಯಲು ಕೂತೆ. ಇಂಜೆಕ್ಷನ್ ಕೊಡುವ ಕೈಗೆ ಸ್ಕ್ರೇಪರ್ ಒಗ್ಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಧ್ವನಿ ಬಂತು.

"ಅಯ್ಯೋ, ಹಾಗಲ್ಲಮ್ಮಾ! ಬ್ಲೇಡು ಮಲಗಿಸಿ ಹಿಡಿ. ನೆಟ್ಟಗೆ ಹಿಡಿದ್ರೆ ಜಾರುತ್ತೆ, ಕೈ ಕೊಯ್ಕೋತೀಯ."

ಮಾವ! ತಮ್ಮ ಕೆಲಸವನ್ನು ಹೊಗಳಿದ ಟಿಂಕರನ ಬಾಯಿಂದಲೇ ಇನ್ನೊಮ್ಮೆ ಕೇಳೋಣ ಎಂದು ಕೋಲೂರಿಕೊಂಡು ಬಂದಿದ್ದರು. ಅವರು ಸ್ಕ್ರೇಪರ್ ತೆಗೆದುಕೊಂಡು, ಹೇಗೆ ಹಿಡಿಯಬೇಕೆಂದು ತೋರಿಸಲು ಎರಡು ಸಲ ಎಳೆದರು. ಆಮೇಲಷ್ಟೇ ತಾವು ಕೆರೆಯುತ್ತಿರುವುದು ಏನೆಂದು ನೋಡಿದರು. ಬೆರಳು ಒಳಗೆ ಹಾಕಿದರು. ಒದ್ದೆ ಪುಟ್ಟಿ, ತುಕ್ಕಿನ ಪುಡಿ ಎರಡೂ ಬೆರಳಿಗೆ ಅಂಟಿದವು. ಅಂಗಡಿಯಲ್ಲಿ ಅಷ್ಟು ಹೊತ್ತು ತಗಡು ಉಜ್ಜುತ್ತಿದ್ದ ಗ್ರೈಂಡರ್ ಕೂಡ ಆಗಲೇ ನಿಲ್ಲಬೇಕೇ?

"ನಾನು ಹಾಕಿದ್ದಾ?"

"ಹೌದು ಮಾವ."

"ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

"ರೋಗಿ ಕಾಲಲ್ಲಿ ಹುಣ್ಣು ಕಂಡ್ರೆ ಅವನಿಗೆ ಬೇಜಾರಾಗುತ್ತೆ ಅಂತ ಕಾಲುಚೀಲ ಹಾಕಿ ಬರ್ತೀಯಾ ನೀನು?"

ಮಾವ ಹಳೆಯ ಟೈರೊಂದನ್ನು ಎಳೆದು ಅದರ ಮೇಲೆ ಕೂತರು. "ಮಾಡಿದ್ದುಣ್ಣೋ ಮಹಾರಾಯ," ಎಂದು ತಮಗೆ ತಾವೇ ಹೇಳಿಕೊಂಡು ಕೆರೆಯತೊಡಗಿದರು. ಎಂಥ ಕೈ ಅದು! ಪುಟ್ಟಿ ಹಾಳೆಹಾಳೆಯಾಗಿ ಬಿಟ್ಟುಬಂತು. ಟಿಂಕರ್ ತನ್ನ ಕೆಲಸ ಬಿಟ್ಟು ನಿಂತು ನೋಡಿದ. ಎರಡು ದಿನ ಬೆಳಗ್ಗೆಯಿಂದ ಸಂಜೆವರೆಗೆ ಮಾವ ಅಲ್ಲೇ. ಅತ್ತೆ ಊಟ ಕಟ್ಟಿ ಕಳಿಸಿದರು, ಜೊತೆಗೆ "ತೂತು ಕಂಡರೆ ಮುಚ್ಚಬೇಡಿ ಅಂತ ಹೇಳು" ಎಂಬ ಸಂದೇಶ. ಒಳಗಿನ ತೊಲೆ ಬಿಚ್ಚಿಕೊಂಡಾಗ ಟಿಂಕರ್ ಸುತ್ತಿಗೆಯಿಂದ ಹೊಡೆದ. ಠಣ್ಣೆಂದಿತು. ನಾವು ಮೂವರೂ ಉಸಿರು ಬಿಟ್ಟೆವು. ಹೊಸ ತಗಡು ಬೆಸೆದಾಯಿತು, ತುಕ್ಕು ಹಿಡಿಯದಂತೆ ಕೆಂಪು ಪ್ರೈಮರ್ ಬಳಿದಾಯಿತು.

"ಇದರ ಮೇಲೆ ಬಣ್ಣ ಈಗ ಬೇಡ," ಎಂದ ಟಿಂಕರ್. "ಬೆಸುಗೆ ಕಾಣಬೇಕು. ಮುಚ್ಚಿದ್ರೆ ತಪಾಸಣೆಯವರಿಗೆ ಅನುಮಾನ."

ತಪಾಸಣೆಯ ದಿನ ಕಾರು ತೇಪೆ ಹಾಕಿದ ಚಡ್ಡಿಯ ಹಾಗೆ ಊರ ನಡುವೆ ಓಡಿತು. ಜನ ನಕ್ಕರು. ಮಾವ ಪಕ್ಕದ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಕೊನೆಯ ಕೈ ಬಣ್ಣವಿಲ್ಲದೆ ಯಾವ ಕೆಲಸವನ್ನೂ ಅವರು ಜನರ ಎದುರಿಗೆ ಇಟ್ಟವರಲ್ಲ.

ತಪಾಸಣೆಯ ಅಧಿಕಾರಿ ಕನ್ನಡಕದ ಮಿತಭಾಷಿ. ದೀಪ ನೋಡಿದ, ಬ್ರೇಕ್ ನೋಡಿದ, ಬೆಸುಗೆಗಳ ಮೇಲೆಲ್ಲ ಪುಟ್ಟ ಸುತ್ತಿಗೆ ಆಡಿಸಿದ. ಎಲ್ಲ ಕಡೆಯೂ ಠಣ್. ಕೊನೆಗೆ ನನ್ನ ಸೀಟಿನ ಬೆಲ್ಟನ್ನು ಒಮ್ಮೆ ಎಳೆದು ಬಿಟ್ಟ. "ಸರಿ ಇದೆ," ಎಂದು ಜೇಬಿನಿಂದ ಪೆನ್ನು ತೆಗೆದ. ನನ್ನ ಮನಸ್ಸಾಗಲೇ ಗುಡ್ಡದ ಅಜ್ಜನ ಮನೆಯ ಮೆಟ್ಟಿಲು ಹತ್ತುತ್ತಿತ್ತು.

"ಸಾರ್, ಒಂದ್ ನಿಮಿಷ," ಎಂದರು ಮಾವ. "ಆ ಬೆಲ್ಟು ನೆಲಕ್ಕೆ ಬೋಲ್ಟ್ ಆಗಿರೋ ಜಾಗ ಇದೆಯಲ್ಲ, ಚಾಪೆ ಕೆಳಗೆ. ಅಲ್ಲಿ ಹೊಡೆದು ನೋಡಿ. ಅಲ್ಲೂ ನಾನು ಪುಟ್ಟಿ ಹಾಕಿದ್ದೀನಿ. ಈಗ ನೆನಪಾಯ್ತು."

ನನಗೆ ಅವರ ಬಾಯಿ ಮುಚ್ಚಬೇಕೆನ್ನಿಸಿತು. ಅಧಿಕಾರಿ ಚಾಪೆ ಎತ್ತಿದ. ನೀಲಿ ನೆಲ, ಕನ್ನಡಿಯಂಥ ನುಣುಪು. ಸುತ್ತಿಗೆ ಹೊಡೆದರೆ ಬೊದ್ ಎಂದಿತು. ಸ್ಕ್ರೂಡ್ರೈವರ್ ಚುಚ್ಚಿದ, ಹಿಡಿಯವರೆಗೂ ಇಳಿಯಿತು. ಪೆನ್ನು ಜೇಬಿಗೆ ಹೋಯಿತು. "ಫೇಲ್. ಒಂದು ವಾರ ಟೈಮ್ ಕೊಡ್ತೀನಿ. ಸರಿಮಾಡಿಸಿ ತನ್ನಿ."

ಹೊರಗೆ ಬಂದದ್ದೇ ನನಗೆ ಮೂಗಿನ ತುದಿಗೆ ಕೋಪ ಬಂತು. "ಅವರು ಸಹಿ ಹಾಕ್ತಾ ಇದ್ರು ಮಾವ! ಮನೆಗೆ ಹೋದ ಮೇಲೆ ನನಗೆ ಹೇಳಿದ್ರೆ ಆಗ್ತಿರಲಿಲ್ವಾ? ನಾವೇ ಸರಿಮಾಡಿಸ್ತಿರಲಿಲ್ವಾ?"

ಮಾವ ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತರು. "ನೀನು ಮಾಡಿಸ್ತಿರಲಿಲ್ಲ ಕಣಮ್ಮಾ. ನಾಳೆ ಆ ಅಜ್ಜ, ನಾಡಿದ್ದು ಆ ಬಾಣಂತಿ. ನಿನ್ನ ನಾನು ನೋಡಿಲ್ವಾ? ಸಹಿ ಆಗಿದ್ರೆ ನೀನು ಇನ್ನೊಂದ್ ವರ್ಷ ಹಾಗೇ ಓಡಿಸ್ತಿದ್ದೆ." ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು, "ಎಲ್ಲಾದ್ರೂ ಡಿಕ್ಕಿ ಆದ್ರೆ ನಿನ್ನ ಹಿಡಿದುಕೊಳ್ಳೋದು ಆ ಬೆಲ್ಟು. ಅದನ್ನ ನನ್ ಪುಟ್ಟಿ ಹಿಡಿದುಕೊಳ್ಳುತ್ತಾ?"

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನನ್ನು ನನಗಿಂತ ಚೆನ್ನಾಗಿ ಬಲ್ಲ ಮುದುಕನ ಎದುರು ಏನು ವಾದ ಮಾಡುವುದು? ಕಣ್ಣು ತುಂಬಿತು. ಮಾವ ಗಾಬರಿಯಾಗಿ, "ಅಳಬೇಡಮ್ಮಾ, ನಿಮ್ಮತ್ತೆ ನನ್ನ ಮನೆ ಒಳಗೆ ಬಿಡಲ್ಲ," ಎಂದರು. ಅಳುತ್ತಲೇ ನಕ್ಕೆ.

ಆ ವಾರ ನಾನು ಬಸ್ಸಿನಲ್ಲಿ, ನಡಿಗೆಯಲ್ಲಿ ರೋಗಿಗಳ ಮನೆಗೆ ಹೋದೆ. ಅಜ್ಜನ ಗುಡ್ಡ ಹತ್ತುವಾಗ ಏದುಸಿರು ಬಂತು. ಅಜ್ಜನೇ ನನಗೆ ನೀರು ಕೊಟ್ಟು ನಾಡಿ ಹಿಡಿದು ನೋಡಿದ. ಟಿಂಕರ್ ಕೊಳೆತ ನೆಲ ಕತ್ತರಿಸಿ ದಪ್ಪ ತಗಡು ಬೆಸೆದ. ಮಾವ ಪಕ್ಕದಲ್ಲೇ ಬೆಸುಗೆಗೆ ಕಾವಲು ಕೂತರು. ಮತ್ತೆ ತಪಾಸಣೆಗೆ ಹೋದಾಗ ಅಧಿಕಾರಿ ಪೆನ್ನು ತೆಗೆದು, ಮೊದಲು ಮಾವನ ಮುಖ ನೋಡಿದ. "ಇನ್ನೇನಾದ್ರೂ ನೆನಪಿದೆಯಾ ಯಜಮಾನರೇ?" ಮಾವ ಒಂದು ಗಳಿಗೆ ಯೋಚಿಸಿ ಇಲ್ಲವೆಂದು ತಲೆಯಾಡಿಸಿದರು. ಸಹಿ ಬಿತ್ತು.

ಈಗ ಬೆಳಗ್ಗೆ ನಾನು ಹೊರಡುವ ಹೊತ್ತಿಗೆ ಮಾವ ಬಂದು, ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟ ನೋಯುವ ಹಾಗೆ ಒಮ್ಮೆ ಜಗ್ಗುತ್ತಾರೆ. ಆಮೇಲೆ, "ಹೂಂ, ಹೊರಡು," ಎನ್ನುತ್ತಾರೆ. ಎಷ್ಟೇ ತಡವಾಗಿರಲಿ, ಅವರು ಜಗ್ಗಿ ನೋಡುವವರೆಗೂ ನಾನು ಕಾರು ಶುರು ಮಾಡುವುದಿಲ್ಲ.