ಐತವಾರದ ಅಕ್ಷರಗಳು

ಶೋಭಾ ಅವರ ಬಲಗೈ ನಡುಗಲು ಶುರುವಾದ ಮೇಲೆ ಅಡುಗೆ, ಮನೆಗೆಲಸ ಹೇಗೋ ಸಾಗುತ್ತಿತ್ತು. ಬರೆಯುವುದು ಮಾತ್ರ ನಿಂತೇಹೋಯಿತು. ಅವರಿಗೆ ಸಂಕಟವಾದದ್ದು ಅದಕ್ಕೇ.

ಕಲಬುರಗಿಯಿಂದ ಮದುವೆಯಾಗಿ ತೆಲುಗು ನಾಡಿನ ಮಲ್ಕಾಜ್‌ಗಿರಿಗೆ ಬಂದಾಗಿನಿಂದ ಅವರು ರೈಲ್ವೆ ನೌಕರರ ಮಕ್ಕಳಿಗೆ ಪ್ರತಿ ಐತವಾರ, ಶಾಲೆಗೆ ರಜೆಯಿದ್ದ ದಿನ, ತಮ್ಮ ಮನೆಯಲ್ಲೇ ಕನ್ನಡ ಕಲಿಸುತ್ತಿದ್ದರು. ಶಾಲೆಯಲ್ಲಿ ತೆಲುಗು ಕಲಿತ ಮಕ್ಕಳು ಕನ್ನಡದ ‘ಕ’ಕ್ಕೂ ತೆಲುಗಿನ ತಲೆಕಟ್ಟನ್ನೇ ಇಟ್ಟುಬಿಡುತ್ತಿದ್ದರು. ಆದ್ದರಿಂದ ಶೋಭಾ ತಲೆಕಟ್ಟು ಎದ್ದು ಕಾಣುವಂತೆ ದಪ್ಪಗೆ ಬರೆದು, ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದರು. ಕೈ ಸೋತ ಮೇಲೆ ಕಂಪ್ಯೂಟರಿನಲ್ಲಿ ಮುದ್ರಿಸಿದ ಹಾಳೆ ಕೊಟ್ಟು ನೋಡಿದರು. ಮಕ್ಕಳು ಮತ್ತೆ ತೆಲುಗಿನ ತಲೆಕಟ್ಟಿಗೇ ಜಾರಿದರು.

ನಿಮ್ಮ ಅಕ್ಷರದ್ದೇ ಒಂದು ಫಾಂಟ್ ಮಾಡಬಹುದಲ್ಲ ಎಂದು ಸೂಚಿಸಿದವಳು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಲಹರಿ. ಉಡುಪಿಯವಳು, ಐಟಿ ಕೆಲಸದವಳು. ಅದಕ್ಕೆ ಹಳೆಯ ಕೈಬರಹ ಬೇಕಿತ್ತು. ಶೋಭಾ ಒಂದು ಹಾಳೆಯನ್ನೂ ಉಳಿಸಿಕೊಂಡಿರಲಿಲ್ಲ. ಮಕ್ಕಳ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಅಳುಕುತ್ತಲೇ ಕೇಳಿದರು. ಸಂಜೆಯೊಳಗೆ ಫೋನು ತುಂಬ ಫೋಟೋಗಳು. ಯಾರೋ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿಟ್ಟಿದ್ದರು, ಹರ್ಷಿತಾ ಎಂಬ ಹಳೆಯ ವಿದ್ಯಾರ್ಥಿನಿಯ ಮನೆಯಲ್ಲಿ ಒಂದು ಹಾಳೆ ಇನ್ನೂ ಫ್ರಿಜ್ಜಿನ ಬಾಗಿಲಿನ ಮೇಲೇ ಇತ್ತು. ಇಷ್ಟು ಜನ ತಮ್ಮ ಬರಹವನ್ನು ಜೋಪಾನ ಮಾಡಿದ್ದಾರೆಂದು ಶೋಭಾಗೆ ಗೊತ್ತೇ ಇರಲಿಲ್ಲ.

ಇನ್ನು ಯಾವ ಸಾಫ್ಟ್‌ವೇರು ಎಂಬ ಪ್ರಶ್ನೆ. ಲಹರಿ ಮೊದಲು ತೋರಿಸಿದ್ದು, ಹಾಳೆಯ ಫೋಟೋ ಕೊಟ್ಟರೆ ತಾನೇ ಫಾಂಟ್ ಮಾಡಿಕೊಡುವ ಒಂದು ವೆಬ್‌ಸೈಟು. ಸುಲಭವೇನೋ ಹೌದು, ಆದರೆ ಅದು ಇಂಗ್ಲಿಷಿಗಾಗಿಯೇ ಮಾಡಿದ್ದು. ಒತ್ತಕ್ಷರವೆಂದರೇನೆಂದೇ ಅದಕ್ಕೆ ತಿಳಿಯದು. ‘ಅಮ್ಮ’ ಎಂದು ಒತ್ತಿದರೆ ‘ಅಮ್’ ಒಂದು ಕಡೆ, ‘ಮ’ ಒಂದು ಕಡೆ ಬಿತ್ತು.

“ಅಮ್ಮನ್ನ ಎರಡು ತುಂಡು ಮಾಡೇತಿ. ಇದು ಬ್ಯಾಡವ್ವಾ” ಎಂದು ಶೋಭಾ ನಕ್ಕರು.

ಎರಡನೆಯದು ನೋಡಲು ಚೆಂದ, ಒತ್ತಕ್ಷರಕ್ಕೂ ಸೈ. ಆದರೆ ಅದರಲ್ಲಿ ಮೌಸ್ ಹಿಡಿದು ಗೆರೆ ಎಳೆಯಬೇಕು. ಶೋಭಾ ಎಳೆದ ‘ಗ’ ಗಾಳಿಗೆ ಸಿಕ್ಕ ದಾರದಂತಾಯಿತು. ತಾನೇ ಬರೆದುಕೊಡುತ್ತೇನೆಂದಳು ಲಹರಿ. ಶೋಭಾ ಒಪ್ಪಲಿಲ್ಲ. “ನೀ ಬರದ್ರ ಅದು ನಿನ್ನ ಅಕ್ಷರ ಆಕ್ಕೈತಿ. ಹುಡುಗರಿಗೆ ನಂದು ಬೇಕಾಗೇತಿ.”

ಮೂರನೆಯದನ್ನು ಲಹರಿ ಸಂಕೋಚದಿಂದಲೇ ತೆರೆದಳು. ಎಲ್ಲೆಲ್ಲಿಯವರೋ ಸೇರಿ ಪುಕ್ಕಟೆಯಾಗಿ ಮಾಡಿದ್ದ ಸಾಫ್ಟ್‌ವೇರು. ಬೂದು ಬಣ್ಣದ ಕಿಟಕಿಗಳು, ಏನೇನೋ ಗುಂಡಿಗಳು. ಹಳೆಯ ಹಾಳೆಯ ಫೋಟೋವನ್ನು ಅಡಿಯಲ್ಲಿ ಹಾಸಿ, ಅಕ್ಷರದ ಅಂಚಿನ ಸುತ್ತ ಅವಳು ಒರಟಾಗಿ ಚುಕ್ಕಿಗಳನ್ನಿಟ್ಟಳು.

“ಮೌಸ್ ಬಿಡಿ ಟೀಚರ್. ಈ ಬಾಣದ ಗುರುತಿನ ಕೀ ಉಂಟಲ್ಲ, ಇದನ್ನು ಒತ್ತಿ ನೋಡಿ.”

ಶೋಭಾ ಒತ್ತಿದರು. ಚುಕ್ಕಿ ಕೂದಲೆಳೆಯಷ್ಟು ಸರಿಯಿತು. ಮತ್ತೊಮ್ಮೆ ಒತ್ತಿದರು, ಮತ್ತಷ್ಟು ಸರಿಯಿತು. ಬೆರಳು ನಡುಗಿದರೂ ಚುಕ್ಕಿ ನಡುಗಲಿಲ್ಲ. ಹೀಗೆ ಸರಿಸುತ್ತ ಸರಿಸುತ್ತ ತಮ್ಮದೇ ‘ಕ’ ತೆರೆಯ ಮೇಲೆ ಮೂಡಿದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಚೆಂದ ಇಲ್ಲಂದ್ರ ಏನಾತು. ನನ್ನ ಕೈಗೆ ಇದ ಹೊಂದತೈತಿ” ಎಂದರು.

ಆ ಚಳಿಗಾಲವೆಲ್ಲ ಅದೇ ಕೆಲಸ. ಲಹರಿ ಆಫೀಸಿನಿಂದ ಬಂದವಳೇ ಒತ್ತಕ್ಷರ ಕೂಡಿಸುವ ಗೋಜಲು ಬಿಡಿಸುತ್ತಿದ್ದಳು. ಶೋಭಾ ಹಗಲೆಲ್ಲ ಚುಕ್ಕಿ ಸರಿಸುತ್ತಿದ್ದರು. ಗಂಡ ತಿಪ್ಪೇಸ್ವಾಮಿ ಕೇಳದೆಯೇ ಚಹಾ ಮಾಡಿಡುತ್ತಿದ್ದರು. ಎಷ್ಟೋ ಸಲ ‘ಜ್ಞ’ ಕೈಗೆ ಸಿಗದೆ ಶೋಭಾ, ಲಹರಿ ಇಬ್ಬರೂ ಬೇಸತ್ತು ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೋಗಿ ತಿರುಗಾಡಿ ಬಂದದ್ದೂ ಉಂಟು.

ಫಾಂಟ್ ಮುಗಿದಾಗ ಸಾಫ್ಟ್‌ವೇರು ಹೆಸರು ಕೇಳಿತು. ಶೋಭಾ ‘ಐತವಾರ’ ಎಂದು ಇಡಿಸಿದರು. ಹೊಸ ಹಾಳೆಗಳು ಪಾಠಕ್ಕೆ ಬಂದವು. ತಲೆಕಟ್ಟು ಒಂದೇ ದಿನಕ್ಕೇನೂ ನೆಟ್ಟಗಾಗಲಿಲ್ಲ. ಆದರೆ ಮಕ್ಕಳು ಟೀಚರ್ ಕೈ ವಾಸಿಯಾಯಿತೆಂದು ತಿಳಿದು ಹಿಗ್ಗಿದರು. ಶೋಭಾ ಹಾಗಲ್ಲವೆಂದು ತಿದ್ದಬೇಕಾಯಿತು.

ಲಹರಿಗೆ ರೊಟ್ಟಿ, ಎಣ್ಣೆಗಾಯಿ ಮಾಡಿ ಬಡಿಸಿದರು. ಹಾಳೆ ಕಳಿಸಿದ ತಾಯಂದಿರಿಗೆ ಒಬ್ಬೊಬ್ಬರಿಗೂ ಫೋನು ಮಾಡಿದರು. ಆ ಸಾಫ್ಟ್‌ವೇರು ಮಾಡಿದವರಿಗೆ ಏನು ಕೊಡುವುದು? ಲಹರಿಯನ್ನು ಕೇಳಿ, ಅಂತರ್ಜಾಲದಲ್ಲಿ ಅವರೆಲ್ಲ ಮಾತಾಡುವ ಜಾಗಕ್ಕೆ ಕನ್ನಡದಲ್ಲೇ, ತಮ್ಮ ಹೊಸ ಫಾಂಟಿನಲ್ಲಿ ಒಂದು ಸಾಲು ಬರೆದು, ಅದರ ಚಿತ್ರ ಕಳಿಸಿದರು: ‘ನಿಮ್ಮಿಂದ ನಾನು ಮತ್ತೆ ಬರಿಯಾಕತ್ತೀನಿ. ನಿಮ್ಮ ಕೈ ತಣ್ಣಗಿರಲಿ.’

ಮರುದಿನ ಯಾವುದೋ ದೂರದ ದೇಶದಿಂದ ಉತ್ತರ ಬಂತು. ಓದಲು ಬರುವುದಿಲ್ಲ, ಆದರೆ ಅಕ್ಷರಗಳು ಬಹಳ ದುಂಡಗಿವೆ, ಏನು ಬರೆದಿದ್ದೀರಿ ಎಂದು ಕೇಳಿದ್ದರು. ಲಹರಿ ಇಂಗ್ಲಿಷಿನಲ್ಲಿ ಅರ್ಥ ಬರೆಯುತ್ತಿದ್ದರೆ, ಶೋಭಾ ಪಕ್ಕದಲ್ಲಿ ಕೂತು ಒಂದೊಂದು ಪದವನ್ನೂ ಓದಿಸಿ ಕೇಳುತ್ತಿದ್ದರು.