ಅಳತೆ ಮೇಷ್ಟ್ರ ಕೋಟು

ಯಾವ ಸಂಖ್ಯೆಯನ್ನೂ ಒಂಟಿಯಾಗಿ ಬೀದಿಗೆ ಬಿಡದ ಮನುಷ್ಯ ಎಂದರೆ ನಮ್ಮ ಅಳತೆ ಮೇಷ್ಟ್ರು. ಚಹಾ ಹತ್ತು ನಿಮಿಷದಲ್ಲಿ ಬರುತ್ತದೆಂದು ಯಾರಾದರೂ ಅಂದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, "ಹತ್ತು ಸರಿ. ಎಷ್ಟು ಹೆಚ್ಚುಕಮ್ಮಿ?" ಎಂದು ಕೇಳದೆ ಅವರ ಗಂಟಲಲ್ಲಿ ಚಹಾ ಇಳಿಯುತ್ತಿರಲಿಲ್ಲ. ಮದುವೆಯ ದಿನ ವಯಸ್ಸು ಬರೆಸುವಾಗಲೂ "ಮೂವತ್ತೊಂದು, ಒಂದು ತಿಂಗಳು ಹೆಚ್ಚುಕಮ್ಮಿ" ಎಂದರಂತೆ. ಬರೆದುಕೊಳ್ಳುತ್ತಿದ್ದ ಗುಮಾಸ್ತ ಪೆನ್ನು ಕೆಳಗಿಟ್ಟು ಎದ್ದುಹೋದವನು ಇನ್ನೂ ವಾಪಸು ಬಂದಿಲ್ಲ ಎಂಬುದು ನಮ್ಮ ಖಗೋಳ ವೀಕ್ಷಣಾಲಯದವರ ಅಚಲ ನಂಬಿಕೆ.

ಅವರು ನಡೆದುಬಂದರೆ ತಲೆ ಮೊದಲು ಬಂದು ಎಡಭುಜ ಅದನ್ನು ಹಿಂಬಾಲಿಸಿ, ಕಾಲುಗಳು ಮಾತ್ರ ನಿಧಾನಕ್ಕೆ ಬರುತ್ತೇವೆಂದು ಹೇಳಿ ಹಿಂದುಳಿದಂತೆ ಕಾಣುತ್ತಿತ್ತು. ಮೈಮೇಲೆ ಬೇಸಿಗೆ ಚಳಿ ಎನ್ನದೆ ಬೂದುಬಣ್ಣದ ಒಂದೇ ಕೋಟು. ಯೌವನದಲ್ಲಿ ದರ್ಜಿಯ ಕೈಯಿಂದ ಟೇಪು ಕಸಿದುಕೊಂಡು, ತಮ್ಮ ಅಳತೆಯನ್ನು ತಾವೇ ತೆಗೆದುಕೊಟ್ಟು ಹೊಲಿಸಿದ್ದು. "ನೋಡ್ರಿ, ಇಷ್ಟು ವರ್ಷ ಆಯ್ತು, ಎಲ್ಲಾದ್ರೂ ಬಿಗಿ ಇದೆಯಾ? ಅಳತೆ ಅಂದ್ರೆ ಇದು!" ಎಂದು ತೋಳು ಚಾಚಿ ತೋರಿಸುತ್ತಿದ್ದರು. ಆ ಅವಧಿಯಲ್ಲಿ ಅವರ ಉದರವು ದಿಗ್ವಿಜಯ ಹೊರಟ ಚಕ್ರವರ್ತಿಯ ರಾಜ್ಯದಂತೆ ನಾಲ್ಕೂ ದಿಕ್ಕಿಗೆ ವಿಸ್ತರಿಸಿದ್ದರೂ ಕೋಟಿನ ಗುಂಡಿಗಳು ಸಲೀಸಾಗಿ ಕೂರುತ್ತಿದ್ದವು. ನಾವೂ ಅದನ್ನು ಸೃಷ್ಟಿಯ ರಹಸ್ಯಗಳಲ್ಲೊಂದೆಂದು ಕೈಬಿಟ್ಟಿದ್ದೆವು.

ಅವರ ವೃತ್ತಿ ನಕ್ಷತ್ರಗಳ ಗಾತ್ರವನ್ನು ಅಳೆಯುವುದು. ಒಂಟಿ ನಕ್ಷತ್ರ ತನ್ನ ಗುಟ್ಟನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಜೋಡಿಯಾಗಿದ್ದು, ಒಂದು ಇನ್ನೊಂದರ ಮುಂದೆ ಹಾದು ಅದನ್ನು ಮರೆಮಾಡಿದಾಗ, ಬೆಳಕು ಎಷ್ಟು ಇಳಿಯಿತು, ಎಷ್ಟು ಹೊತ್ತು ಇಳಿದೇ ಇತ್ತು ಎಂಬುದರಿಂದ ಎರಡರ ಗಾತ್ರವೂ ಲೆಕ್ಕಕ್ಕೆ ಸಿಗುತ್ತದೆ. ಇಂಥ ಒಂದೇ ಒಂದು ಜೋಡಿಗೆ ಮೇಷ್ಟ್ರು ಆಯುಷ್ಯವನ್ನು ಧಾರೆಯೆರೆದಿದ್ದರು. ನೂರಕ್ಕೆ ಒಂದು ಪಾಲಿನಷ್ಟೇ ಹೆಚ್ಚುಕಮ್ಮಿ ಇಟ್ಟು ಅವರು ಕೊಟ್ಟ ಸಂಖ್ಯೆಗೆ ದೇಶದೇಶಗಳ ವೀಕ್ಷಣಾಲಯಗಳು ತಮ್ಮ ಅಳತೆಗಳನ್ನು ತಿಕ್ಕಿ ನೋಡುತ್ತಿದ್ದವು, ಅದೊಂದು ಒರೆಗಲ್ಲು. ಮಕ್ಕಳಿಲ್ಲದ ಮೇಷ್ಟ್ರಿಗೆ ವಂಶ ಬೆಳಗುವ ಕುಡಿ ಎಂದು ಇದ್ದದ್ದು ಅದೊಂದೇ.

ಹೆಂಡತಿ ಬೇಗ ತೀರಿಕೊಂಡಿದ್ದರು. ಆಕೆ ಹಾಸಿಗೆ ಹಿಡಿದಾಗ ಸಹಾಯಕ್ಕೆಂದು ಬಂದ ಮೇಷ್ಟ್ರ ಅಕ್ಕ ಆಮೇಲೆ ತಮ್ಮೂರಿಗೆ ಹಿಂತಿರುಗದೆ ಅಲ್ಲೇ ಉಳಿದುಬಿಟ್ಟರು. ಆದರೂ ಫೋನಿನಲ್ಲಿ ಯಾರಾದರೂ ಮನೆಯ ಯೋಗಕ್ಷೇಮ ಕೇಳಿದರೆ ಮೇಷ್ಟ್ರು, "ಮನೇಲಿ ಯಾರಿದಾರಪ್ಪ, ನಾನೊಬ್ಬನೇ" ಎನ್ನುವರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಅರೆಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು.

ಒಂದು ಮಧ್ಯಾಹ್ನ, ಅವರ ಕೈಕೆಳಗೇ ಪಳಗಿ ಈಗ ಪಕ್ಕದ ಕೋಣೆಯಲ್ಲಿ ಕೂರುವ ಶಿಷ್ಯೆ ಬಂದು ಮೇಜಿನ ಮೇಲೆ ಆ ಜೋಡಿಯ ಬೆಳಕಿನ ಏರಿಳಿತದ ಒಂದು ನಕ್ಷೆ ಹರಡಿದಳು.

"ಸರ್, ಅಲ್ಲಿರೋದು ಎರಡಲ್ಲ, ಮೂರು. ಮೂರನೇದು ತುಂಬಾ ಮಂಕು."

ಆ ಮಂಕು ಬೆಳಕು ಜೋಡಿಯ ಬೆಳಕಿನೊಳಗೆ ಸದಾ ಬೆರೆಯುತ್ತಿದ್ದುದರಿಂದ ಗ್ರಹಣದ ಇಳಿತ ಇರುವುದಕ್ಕಿಂತ ಕಡಿಮೆ ಕಂಡಿತ್ತು. ಕಡಿಮೆ ಕಂಡದ್ದರಿಂದ ಮೇಷ್ಟ್ರು ಚಿಕ್ಕ ನಕ್ಷತ್ರವನ್ನು ಇನ್ನಷ್ಟು ಚಿಕ್ಕದು ಮಾಡಿಬಿಟ್ಟಿದ್ದರು.

"ಎಷ್ಟು ಹೆಚ್ಚುಕಮ್ಮಿ?" ಎಂದರು ಮೇಷ್ಟ್ರು. ಧ್ವನಿ ಮೇಜನ್ನು ದಾಟಲಿಲ್ಲ.

"ನಮ್ಮ ಹೆಚ್ಚುಕಮ್ಮಿಯನ್ನೆಲ್ಲ ಮೀರಿ ಹೋಗಿದೆ, ಸರ್. ತಿದ್ದುಪಡಿ ಕಳಿಸ್ಬೇಕು. ನಿಮ್ಮ ರುಜು ಇದ್ರೆ ಚೆನ್ನ."

"ಎಲ್ಲಿಂದಲೋ ದೀಪದ ಬೆಳಕು ನುಸುಳಿರುತ್ತೆ. ಹೋಗಮ್ಮ, ಸರಿಯಾಗಿ ನೋಡು."

ಅಲ್ಲಿಂದ ಅವರು ಊರಿನ ಬೀದಿದೀಪಗಳ ಮೇಲೆ ಯುದ್ಧ ಸಾರಿದರು. ಅವರ ದೂರುಗಳ ಹೊಡೆತಕ್ಕೆ ಎಷ್ಟು ದೀಪಗಳು ಆರಿದವೆಂದರೆ, ನಮ್ಮ ರಸ್ತೆಯ ನಾಯಿಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಕ್ಷಮೆ ಕೇಳಿಕೊಂಡು ಹೋಗುತ್ತಿದ್ದವು. ಮೂರನೆಯ ಬೆಳಕು ಮಾತ್ರ ಆರಲಿಲ್ಲ.

ಊಟಕ್ಕೆ ಕೂತಾಗ ಅಕ್ಕನ ಮುಂದೆ ಗೋಳು ತೋಡಿಕೊಂಡರಂತೆ. ಇದನ್ನು ಮೇಷ್ಟ್ರೇ ಎಷ್ಟೋ ಕಾಲದ ಮೇಲೆ ನಮಗೆ ಹೇಳಿದ್ದು.

"ಮೊದಲಿಂದ್ಲೂ ಅಲ್ಲೇ ಇತ್ತಂತೆ ಕಣೆ, ಅಕ್ಕಾ."

"ಇಷ್ಟು ವರ್ಷ? ಪಾಪ, ಒಂದ್ಸಲ ಕೆಮ್ಮಬಾರದಿತ್ತಾ ಅದು?"

"ನಿಂಗೆ ತಮಾಷೆ. ನನ್ನ ಜೀವಮಾನದ ಕೆಲ್ಸ ಅದು."

"ಮೊದ್ಲು ಉಣ್ಣೋ. ಆರಿಹೋಗ್ತಿದೆ."

ಚಳಿ ಕಾಲಿಡುವ ಹೊತ್ತಿಗೆ ಆ ಅಕ್ಕ, ಮಧ್ಯಾಹ್ನದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಸ್ವಲ್ಪ ಅಡ್ಡಾಗುತ್ತೇನೆಂದು ಮಲಗಿದವರು ಏಳಲಿಲ್ಲ. ಮೇಷ್ಟ್ರು ಅತ್ತದ್ದನ್ನು ಯಾರೂ ಕಾಣಲಿಲ್ಲ. ಫೋನಿನಲ್ಲಿ ಮಾತ್ರ "ನಾನೊಬ್ಬನೇ" ಎಂಬ ಮಾತು ನಿಂತುಹೋಯಿತು. ಅದೀಗ ನಿಜವಾಗಿದ್ದರಿಂದ ಹೇಳಲು ಬಾಯಿ ಬರಲಿಲ್ಲವೋ ಏನೋ.

ಮುಂದಿನ ಚಳಿಗೆ ಕೋಟು ಬಿಗಿಯಾಯಿತು. ಬಟ್ಟೆ ಕುಗ್ಗಿದೆ ಎಂದು ನಮ್ಮೆದುರು ವಾದಿಸಿದರು. ಆ ವಾರವೇ ನಡೆದ ಸಭೆಯಲ್ಲಿ, ಮೂರನೆಯ ನಕ್ಷತ್ರ ಬರೀ ಭ್ರಮೆಯೆಂದು ಸಾಧಿಸಲು ಹಲಗೆಯ ತುದಿಯತ್ತ ತೋಳೆತ್ತಿದಾಗ ಕಂಕುಳ ಹೊಲಿಗೆ ಪರ್ರನೆ ಹರಿಯಿತು. ಎಲ್ಲರೂ ನಕ್ಕೆವು. ಮೇಷ್ಟ್ರೂ ನಗುತ್ತಲೇ ಕೋಟು ಕಳಚಿ ಒಳಮಗ್ಗುಲು ತಿರುಗಿಸಿದರು.

ಒಳಗೆ ಹೊಲಿಗೆಯ ಪಕ್ಕದಲ್ಲಿ ಹೊಲಿಗೆ, ಒಂದೊಂದೂ ಒಂದೊಂದು ಬಣ್ಣದ ದಾರದಲ್ಲಿ. ಪ್ರತಿ ವರ್ಷ ಬಿಚ್ಚಿ, ಕೂದಲೆಳೆಯಷ್ಟು ಸಡಿಲಿಸಿ, ಮತ್ತೆ ಹಾಕಿದ್ದು. ಬಿಡಲು ಬಟ್ಟೆ ಉಳಿಯದ ಕಡೆ ಎರಡೂ ಪಕ್ಕೆಗೆ ಬೂದು ಶಾಲೊಂದರ ತುಂಡುಗಳನ್ನು ಕೂಡಿಸಲಾಗಿತ್ತು. ಆ ಶಾಲು ಅಕ್ಕನ ಹೆಗಲ ಮೇಲೆ ಇದ್ದದ್ದು ನಮಗೂ ನೆನಪಿತ್ತು. ಯಾವಾಗ ಕಾಣೆಯಾಯಿತೆಂದು ಯಾರೂ ಕೇಳಿರಲಿಲ್ಲ. ಮೇಷ್ಟ್ರು ಆ ಹೊಲಿಗೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

"ಎಲ್ಲಿ, ಆ ತಿದ್ದುಪಡಿ ಕೊಡಮ್ಮ" ಎಂದರು ಕೊನೆಗೆ, ಶಿಷ್ಯೆಯತ್ತ ತಿರುಗಿ.

ಬರೀ ಅಂಗಿಯಲ್ಲೇ ರುಜು ಹಾಕಿದರು. ಶಿಷ್ಯೆ ಮೆಲ್ಲಗೆ ಕೇಳಿದಳು: "ಹೆಚ್ಚುಕಮ್ಮಿ ಎಷ್ಟಂತ ಹಾಕ್ಲಿ ಸರ್?"

"ನೀನೇ ಹಾಕಮ್ಮ. ನಂಗದು ಯಾವತ್ತೂ ಗೊತ್ತಿರ್ಲಿಲ್ಲ."

ಒರೆಗಲ್ಲು ಬೇರೆಯವರದಾಯಿತು, ಮೇಷ್ಟ್ರ ಸಂಖ್ಯೆ ಅಡಿಟಿಪ್ಪಣಿಗೆ ಇಳಿಯಿತು. ಹರಿದ ಕೋಟನ್ನು ಅವರು ದರ್ಜಿಗೆ ಕೊಡಲಿಲ್ಲ, ಬಿಸಾಡಲೂ ಇಲ್ಲ. ಕಂಕುಳಲ್ಲಿ ಗಾಳಿಯಾಡುತ್ತಿದ್ದರೂ ಅದನ್ನೇ ತೊಟ್ಟು ಬರುತ್ತಿದ್ದರು. ಚಹಾ ಎಷ್ಟು ಹೊತ್ತಿಗೆ ಬಂದರೂ ಸುಮ್ಮನೆ ಕುಡಿಯುತ್ತಿದ್ದರು.

ಅಳೆಯುವ ಕುಲದವರು ಸುಳ್ಳರಲ್ಲ. ಕೂಡಿ ಕಳೆಯುವುದರಲ್ಲಿ ಅವರು ಎಡವುವುದೂ ಅಪರೂಪ. ಅವರು ಎಡವುವುದು ಅದಕ್ಕೂ ಮೊದಲು, ಲೆಕ್ಕಕ್ಕೆ ಕೂರುವ ದಿನ, ಇಲ್ಲಿ ಇರುವವರು ಇಷ್ಟೇ ಎಂದು ತೀರ್ಮಾನಿಸುವಲ್ಲಿ. ಆ ತೀರ್ಮಾನಕ್ಕೆ ಹೆಚ್ಚುಕಮ್ಮಿ ಬರೆಯುವ ಪದ್ಧತಿ ಇಲ್ಲ. ಬಿಟ್ಟುಹೋದದ್ದು ಕೂಗಿ ಹೇಳುವುದಿಲ್ಲ. ತನ್ನ ಮಂಕು ಬೆಳಕನ್ನು ಅವರ ಲೆಕ್ಕದೊಳಗೆ ಸುರಿಯುತ್ತಲೇ ಇರುತ್ತದೆ. ಲೆಕ್ಕ ಮೈಗೊಪ್ಪುವಂತೆ ಕೂತಿತೆಂದು ಇವರು ತೋಳು ಚಾಚಿ ತೋರಿಸುತ್ತಲೇ ಇರುತ್ತಾರೆ.